ಪ್ರಸಾದ ತಿಂದ ಇಲಿ

ಹರದನಹಳ್ಳಿಯ ತಿರುವಿನಲ್ಲಿ ಸ್ಕೂಟರ್ ಜಾರಿ ಬಿದ್ದು ರಾಜಶೇಖರನ ಬಲಗಾಲು ಮುರಿದಾಗ ಮನೆಯವರೆಲ್ಲ ಕಾಲಿಗಾಗಿ ಅತ್ತರು. ಹಾವಿನ ನೆನಪು ಯಾರಿಗೂ ಬರಲಿಲ್ಲ. ಆಸ್ಪತ್ರೆಯಿಂದ ಚಾಮರಾಜನಗರದ ಮನೆಗೆ ಬಂದು, ನಡುಮನೆಯ ಮಂಚದ ಮೇಲೆ ಪ್ಲಾಸ್ಟರಿನ ಕಾಲು ಚಾಚಿಕೊಂಡು, ಅವ್ವ ತಂದ ಹಾಲಿಗೆ ಕೈ ಒಡ್ಡಿದಾಗ ಅವನೇ ಬಾಯಿಬಿಟ್ಟ.

“ಅವ್ವ, ಬಂಗಾರೀನ ಮನೇಗೆ ತರುಸ್ಬೇಕು.”

“ಯಾವಳ್ಲಾ ಅವಳು?” ಗಂಗಾಂಬಿಕೆ ಹಾಲಿನ ಲೋಟ ಹಿಂದಕ್ಕೆಳೆದುಕೊಂಡಳು.

ಅಡುಗೆಮನೆಯಲ್ಲಿದ್ದ ಹೆಂಡತಿ ಕಾವ್ಯಶ್ರೀಗೆ ನಗು ತಡೆಯಲಾಗಲಿಲ್ಲ. “ಹಾವು ಅತ್ತೆ. ನಿಮ್ಮ ಮಗನ ಹಾವು.”

ರಾಜಶೇಖರ ಅಪ್ಪನ ಅರಿಸಿನದ ಮಂಡಿ ನೋಡಿಕೊಳ್ಳುವವನು. ಮಂಡಿಯ ಮಹಡಿ ಕೋಣೆಯಲ್ಲಿ ಒಂದು ಹಾವು ಸಾಕಿದ್ದಾನೆ, ವಿದೇಶದ್ದು, ಹೆಬ್ಬಾವಿನ ಜಾತಿ, ನಾಲ್ಕಡಿ ಉದ್ದ, ವಿಷವಿಲ್ಲ, ಸರ್ಕಾರದ ಕಾಗದಪತ್ರ ಸರಿಯಾಗಿದೆ ಎನ್ನುವಷ್ಟು ಮನೆಯವರಿಗೆ ಗೊತ್ತಿತ್ತು. ಕಣ್ಣಿಗೆ ಬೀಳದ್ದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಮನೆ ಅದಲ್ಲ. ಶಿವಪೂಜೆಯ ಮನೆ, ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟಿದ್ದಿಲ್ಲ. ಹಾಗಾಗಿ ಹಾವು ಹಾಲು ಕುಡಿದುಕೊಂಡು ತಣ್ಣಗಿದೆ ಎಂದೇ ಗಂಗಾಂಬಿಕೆ ನಂಬಿದ್ದಳು. ಈಗ ಮಂಡಿಯ ಗುಮಾಸ್ತ ಪುಟ್ಟಬಸಪ್ಪ ಆ ಮಹಡಿ ಹತ್ತುವುದಿಲ್ಲ ಎಂದು ಕೈಮುಗಿದುಬಿಟ್ಟಿದ್ದ. ರಾಜಶೇಖರನ ಅಪ್ಪ ಚಿಕ್ಕಮಲ್ಲಪ್ಪನೇ ಹೋಗಿ, ಗಾಜಿನ ಪೆಟ್ಟಿಗೆಗೆ ಪಂಚೆ ಹೊದಿಸಿ, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ.

ದೇವರಮನೆಯೂ ಅಡುಗೆಮನೆಯೂ ಇರುವ ಕೆಳ ಅಂತಸ್ತಿನಲ್ಲಿ ಅದು ಬೇಡ ಎಂದು ಗಂಗಾಂಬಿಕೆ ಹಟ ಹಿಡಿದದ್ದರಿಂದ ಪೆಟ್ಟಿಗೆ ಮಹಡಿ ಸೇರಿತು. ಡಾಕ್ಟರು ರಾಜಶೇಖರನಿಗೆ ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು. ಆ ಮಧ್ಯಾಹ್ನ ಮುದ್ದೆ, ಉಪ್ಸಾರು ಬಡಿಸುತ್ತ ಗಂಗಾಂಬಿಕೆ ಕೇಳಿದಳು:

“ನಾನೇ ನೋಡ್ಕತೀನಿ ಬುಡು. ಹಾಲು ಬಿಸಿಯಾಗಿರ್ಬೇಕೋ ಆರಿರ್ಬೇಕೋ?”

“ಹಾಲು ಕುಡಿಯಲ್ಲ ಕಣವ್ವ.”

“ಮತ್ತೆ? ಬಾಳೆಹಣ್ಣಾ?”

ರಾಜಶೇಖರ ಗೋಡೆಯ ಕಡೆ ತಿರುಗಿದ. “ಇಲಿ.”

ಗಂಗಾಂಬಿಕೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಚಿಕ್ಕಮಲ್ಲಪ್ಪ ಮಾತ್ರ ವ್ಯಾಪಾರದವನಂತೆ ವಿಚಾರಿಸಿದ. “ಸತ್ತದ್ದೋ, ಬದುಕಿರಾದೋ?”

“ಬದುಕಿರಾದು. ಸತ್ತದ್ದೂ ಕೊಟ್ಟು ನೋಡ್ದೆ ಕಣಪ್ಪ. ಬೆಂಗಳೂರಿಂದ ಐಸಲ್ಲಿಟ್ಟು ಕಳಿಸ್ತಾರ. ಅದು ಮೂಸೂ ನೋಡ್ಲಿಲ್ಲ.”

“ಐಸಲ್ಲಿ ಬಂದಿದ್ದನ್ನ ಎಲ್ಲಿಟ್ಟಿದ್ರಿ?” ಕಾವ್ಯಶ್ರೀ ಕೇಳಿದಳು.

“ಗಣೇಶನ ಐಸ್‌ಕ್ರೀಮ್ ಅಂಗಡಿ ಫ್ರೀಜರಲ್ಲಿ.”

“ಅಯ್ಯಯ್ಯೋ! ಯುಗಾದಿಗೆ ನಂಗೆ ಬಟರ್‌ಸ್ಕಾಚ್ ತಂದಿದ್ದು ಅಲ್ಲಿಂದಲ್ವಾ?”

“ಬ್ಯಾರೆ ಡಬ್ಬೀಲಿತ್ತು ಕಣೆ!”

ಚಿಕ್ಕಮಲ್ಲಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು. ಗಂಗಾಂಬಿಕೆ ನಗಲಿಲ್ಲ. “ಆ ಇಲೀನ ನೀನೇ ಹಾಕ್ತಿದ್ಯಾ? ಲಿಂಗ ಹಿಡಿಯೋ ಕೈಲಿ?”

“ಊಂ.”

“ಈ ಮನೇಲಿ ಅದು ಆಗಾಕಿಲ್ಲ. ಮಾತು ಮುಗೀತು,” ಎಂದವಳು ಸೌಟನ್ನು ಸಾರಿಗೆ ಅದ್ದಿದಳು.

ಮಾತು ಮುಗಿಯಲಿಲ್ಲ. ಮನೆಯಲ್ಲಿ ಹಸಿದ ಜೀವವೊಂದಿದ್ದರೆ ಗಂಗಾಂಬಿಕೆಗೆ ಅನ್ನ ಇಳಿಯುತ್ತಿರಲಿಲ್ಲ. ಇದು ಅವಳ ಸ್ವಭಾವ, ಮದುವೆಯಾಗಿ ಬಂದಾಗಿನಿಂದಲೂ ಹಾಗೆಯೇ. ಕರೆಂಟ್ ಬಿಲ್ ಕೊಡಲು ಬಂದವನು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನು, ಯಾರೇ ಆಗಲಿ, ಪೂಜೆಯ ಹೊತ್ತಿಗೆ ಸಿಕ್ಕಿದರೆ ಪ್ರಸಾದ, ಊಟದ ಹೊತ್ತಿಗೆ ಸಿಕ್ಕಿದರೆ ಊಟ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಮಹಡಿಗೆ ನೀರಿನ ಬಟ್ಟಲು ತುಂಬಿಸಲು ಹೋದಾಗಲೆಲ್ಲ ಗಾಜಿನಾಚೆಯಿಂದ ಬಂಗಾರಿ ತಲೆಯೆತ್ತಿ ಅವಳನ್ನು ನೋಡುತ್ತಿತ್ತು. ಅಪಘಾತಕ್ಕೆ ಮುಂಚೆಯೇ ಪೊರೆ ಬಿಡುವಾಗ ಅದು ಊಟ ಬಿಟ್ಟಿತ್ತು. ಈಗ ಬೆನ್ನಿನ ಮೂಳೆ ಏಣಾಗಿ ಕಾಣತೊಡಗಿತ್ತು. ಮೈಸೂರಿನ ದನದ ಡಾಕ್ಟರು ಫೋನಿನಲ್ಲಿ ವಿಡಿಯೊ ನೋಡಿ, ಈ ತಿಂಗಳಲ್ಲಿ ತಿನ್ನದಿದ್ದರೆ ಉಳಿಯುವುದು ಕಷ್ಟ ಎಂದುಬಿಟ್ಟರು. ರಾಜಶೇಖರ ಫೋನು ಎದೆಯ ಮೇಲಿಟ್ಟುಕೊಂಡು ಸುಮ್ಮನೆ ಮಲಗಿದ. ಮಗ ಅಳುವುದನ್ನು ಅಡಗಿಸಿಕೊಳ್ಳುತ್ತಿದ್ದಾನೆಂದು ತಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಒಂದೇ ಒಂದು ತರುಸ್ರೀ,” ಎಂದು ಗಂಡನಿಗೆ ಹೇಳಿದಳು. “ನಾನು ಕಣ್ಮುಚ್ಕಂಡು ಹಾಕ್ಬುಡ್ತೀನಿ.”

ಇಲಿ ಸಿಗುತ್ತಿದ್ದದ್ದು ಗುಂಡ್ಲುಪೇಟೆಯಲ್ಲಿ, ಲವ್‌ಬರ್ಡ್ಸು, ಬಣ್ಣದ ಮೀನು ಮಾರುವ ಶಶಿಕುಮಾರನ ಅಂಗಡಿಯಲ್ಲಿ. ಚಿಕ್ಕಮಲ್ಲಪ್ಪನಿಗೆ ಇದರಿಂದ ಖುಷಿಯೇ ಆಯಿತು, ಯಾಕೆಂದರೆ ಸೊಸೆಯ ತವರು ಅಲ್ಲೇ ಹತ್ತಿರದ ಭೀಮನಬೀಡು, ಬೀಗರ ಮನೆಯಲ್ಲಿ ಒಂದು ರಾತ್ರಿ ಹೋಳಿಗೆ ಊಟ ಗ್ಯಾರಂಟಿ. ಇಲಿ ಕೊಂಡು, ಬೀಗರ ಮನೆಯಲ್ಲಿ ಉಂಡು ಮಲಗಿ, ಮರುದಿನ ತೂತು ಮಾಡಿದ ಸ್ವೀಟಿನ ಡಬ್ಬಿಯಲ್ಲಿ ಅದನ್ನು ಹಿಡಿದುಕೊಂಡು ಊರಿಗೆ ಮರಳುವ ಮೊದಲ ಬಸ್ಸು ಹತ್ತಿದ. ತೆರಕಣಾಂಬಿಯಲ್ಲಿ ಪಕ್ಕ ಕೂತವನ ಕಣ್ಣು ಡಬ್ಬಿಯ ಮೇಲೆ ಬಿತ್ತು.

“ಏನ್ ಸ್ವಾಮಿ, ಮೈಸೂರ್‌ಪಾಕಾ?”

“ಇಲ್ಲ, ಲಾಡು.”

ಡಬ್ಬಿಯೊಳಗೆ ಕರಕರ ಸದ್ದಾಯಿತು. ಆ ಮನುಷ್ಯ ಡಬ್ಬಿಯನ್ನೂ ಚಿಕ್ಕಮಲ್ಲಪ್ಪನ ಮುಖವನ್ನೂ ನೋಡಿ, “ಲಾಡು ಹೊಸ್ದಾಗೇ ಅದ,” ಎಂದು ಹೇಳಿ ಎದ್ದು ಹಿಂದಿನ ಸೀಟಿಗೆ ಹೋದ.

ಮನೆ ತಲುಪುವಾಗ ಗಂಗಾಂಬಿಕೆಯ ಪೂಜೆ ಆಗಷ್ಟೇ ಮುಗಿದಿತ್ತು. ಬಾಳೆಹಣ್ಣು, ಕೊಬ್ಬರಿ, ಕಲ್ಲುಸಕ್ಕರೆಯ ತಟ್ಟೆ ಹಿಡಿದು ಹೊರಬಂದು ಗಂಡನಿಗೆ ಕೊಟ್ಟಳು, ಮಗನಿಗೆ ಕೊಟ್ಟಳು, ಸ್ಕೂಲಿಗೆ ಹೊರಟಿದ್ದ ಟೀಚರ್ ಸೊಸೆಯ ಅಂಗೈಗೆ ಹಾಕಿದಳು. ಆಮೇಲೆ ಕೈ ತಾನಾಗಿಯೇ ಡಬ್ಬಿಯ ಕಡೆ ಹೋಯಿತು. ಮುಚ್ಚಳ ಸರಿಸಿ ಒಂದು ಚೂರು ಕೊಬ್ಬರಿ ಒಳಗಿಟ್ಟಳು. ಬಿಳಿ ಇಲಿ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ತಿನ್ನತೊಡಗಿತು.

“ಅವ್ವ, ಇನ್ನು ಮ್ಯಾಲಕ್ಕೆ ತಕ್ಕೊಂಡೋಗು,” ಎಂದ ರಾಜಶೇಖರ.

ಗಂಗಾಂಬಿಕೆ ಹಣೆ ಚಚ್ಚಿಕೊಂಡಳು. “ಎಂಗ್ಲಾ ತಕ್ಕೊಂಡೋಗಾದು? ಪ್ರಸಾದ ಕೊಟ್ಬುಟ್ನಲ್ಲ!”

“ಕೊಟ್ರೆ?”

“ಕೊಟ್ರೆ ಅಂತೀಯಲ್ಲ! ಮನೇಲಿ ಪ್ರಸಾದ ತಿಂದವ್ನ ಕತ್ತು ಹಿಡ್ದು ಹಾವಿನ ಬಾಯಿಗೆ ಹಾಕಾದಾ? ಇದು ಇನ್ಮೇಲೆ ನಮ್ಮನೇದು.”

ಹೀಗೆ ಮೊದಲನೆಯ ಇಲಿ ಹಳೆಯ ಹಕ್ಕಿ ಪಂಜರ ಸೇರಿತು. ಎರಡನೆಯದನ್ನು ಬೇಕೆಂತಲೇ ಸಂಜೆ ತರಿಸಿದರು, ಪೂಜೆಯ ಹೊತ್ತು ತಪ್ಪಲಿ ಎಂದು. ಆದರೆ ಗಂಗಾಂಬಿಕೆ ಅಕ್ಕಿರೊಟ್ಟಿ ತಟ್ಟುತ್ತಿದ್ದಳು, ಇಲಿ ಡಬ್ಬಿಯ ತೂತಿನಿಂದ ಮೂತಿ ಹೊರಹಾಕಿ ಮೂಸುತ್ತಿತ್ತು. ಇಷ್ಟು ಜನ ಮುಂದೆ ಕೂತು ತಿನ್ನುವಾಗ ಒಂದು ಜೀವ ಬಾಯಿ ನೋಡುತ್ತಾ ಕೂರುವುದೇ? ರೊಟ್ಟಿಯ ಅಂಚು ಮುರಿದು ಕೊಟ್ಟಳು, ಅಲ್ಲಿಗೆ ಅದೂ ಮನೆಯದಾಯಿತು. ಮೂರನೆಯದಕ್ಕೆ ಏನೂ ಕೊಡುವುದಿಲ್ಲ ಎಂದು ಆಣೆ ಇಟ್ಟು ಕಾದಿದ್ದಾಗ, ಚಿಕ್ಕಮಲ್ಲಪ್ಪ ತಂದ ಡಬ್ಬಿಯ ತುಂಬ ಕಡ್ಲೆಪುರಿ.

“ಇದೇನ್ರೀ?”

“ನಾನು ತಿಂತಿದ್ದೆ. ಅದೂ ನೋಡ್ತಿತ್ತು.” ಚಿಕ್ಕಮಲ್ಲಪ್ಪ ತಲೆ ಕೆರೆದುಕೊಂಡ. “ಬಸ್ಸಲ್ಲಿ ತಿಂದ್ರೆ ಲೆಕ್ಕ ಇಲ್ಲ ಅನ್ಕಂಡೆ.”

“ನಿಮ್ಮ ಜೇಬಿಂದಲ್ವಾ ಕೊಟ್ಟಿದ್ದು? ಬಸ್ಸಾದ್ರೇನು, ಮನೆಯಾದ್ರೇನು?”

ರಾಜಶೇಖರ ದಿಂಬಿಗೆ ತಲೆ ಚಚ್ಚಿಕೊಂಡ. “ಮೂರು ಇಲಿ ಹೊಟ್ಟೆ ತುಂಬ ತಿನ್ಕಂಡು ಆಟ ಆಡ್ತಾವ. ಮ್ಯಾಲೊಂದು ಸಾಯ್ತಾ ಅದ. ನೀವಿಬ್ರೂ ಸೇರ್ಕಂಡು ಅದ್ನ ಸಾಯಿಸ್ತಿದ್ದೀರಿ!”

ಮೊದಲ ಸಲ ಆ ಮನೆಯಲ್ಲಿ ಈ ವಿಷಯಕ್ಕೆ ನಿಜವಾದ ಜಗಳವಾಯಿತು. ಹಾವಿಗೆ ಹೆದರಿ ಮಹಡಿಯ ಮೆಟ್ಟಿಲನ್ನೇ ತುಳಿಯದ ಕಾವ್ಯಶ್ರೀ ಕೂಡ ಗಂಡನ ಪರ ನಿಂತಳು. “ಅತ್ತೆ, ನಮ್ಮ ಅಟ್ಟದ ಮೇಲೆ ಇಲಿ ಪಾಷಾಣ ಇಡೋರು ಯಾರು? ನೀವೇ ಅಲ್ವಾ? ಮಂಡೀಲಿ ಮೂಟೆ ಕಡಿಯುತ್ತೆ ಅಂತ ಮಾವ ಗಮ್ಮಿನ ಹಲಗೆ ಇಡ್ತಾರೆ. ಅದಕ್ಕೆ ಅಂಟಿಕೊಂಡು ಎಷ್ಟು ಸತ್ತಿಲ್ಲ? ಆಗ ಬರದ ಪಾಪ ಈಗ ಬಂತಾ?”

“ಅವು ಕದಿಯಾಕೆ ಬಂದವು ಕಣವ್ವ. ಇವು ನಾವು ಕರ್ದು ಬಂದವು. ಕದ್ದು ತಿಂದವ್ನಿಗೂ ಕೊಟ್ಟು ತಿಂದವ್ನಿಗೂ ವ್ಯತ್ಯಾಸ ಬ್ಯಾಡ್ವಾ?”

“ಹೊಟ್ಟೆಗೆ ವ್ಯತ್ಯಾಸ ಇದ್ಯಾ ಅತ್ತೆ?”

ಗಂಗಾಂಬಿಕೆ ಒಗೆದ ಬಟ್ಟೆ ತರಲು ಹಿತ್ತಲಿಗೆ ಹೋದಳು. ಸೊಸೆ ಎದುರು ಮಾತಾಡಿದ್ದಕ್ಕಿಂತ ಸೊಸೆಯ ಮಾತು ಸರಿಯಾಗಿದ್ದದ್ದು ಅವಳಿಗೆ ಹೆಚ್ಚು ಚುಚ್ಚಿತ್ತು. ಆ ರಾತ್ರಿ ಅವಳು ಉಣ್ಣಲಿಲ್ಲ. ಮಾರನೆಯ ದಿನವೂ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟಳು. ಅರವತ್ತು ದಾಟಿದ ಆ ಹೆಂಗಸು ತಟ್ಟೆಯಲ್ಲಿ ಅನ್ನ ಬಿಟ್ಟದ್ದನ್ನು ಚಿಕ್ಕಮಲ್ಲಪ್ಪ ಅದುವರೆಗೆ ಕಂಡಿರಲಿಲ್ಲ, ಅವನಿಗೆ ಭಯವಾಯಿತು.

ಅವಳಿಗೆ ಒಂದು ಉಪಾಯ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

ಪಕ್ಕದ ಮನೆಯ ಸೋಮಮ್ಮ ಉಮ್ಮತ್ತೂರಿನವಳು. ಅಲ್ಲಿ ಜಮೀನಿದೆ, ಗಂಡ ರಂಗನಾಯಕ ದಿನಾ ಬಸ್ಸಿನಲ್ಲಿ ಹೋಗಿ ಬೇಸಾಯ ಮಾಡಿಸಿ ಬರುತ್ತಾನೆ. ಇಪ್ಪತ್ತು ವರ್ಷಗಳಿಂದ ಈ ಇಬ್ಬರು ಹೆಂಗಸರು ನಡುವಿನ ಕಾಂಪೌಂಡಿನ ಮೇಲೆ ಮೊಣಕೈ ಊರಿಕೊಂಡು ಲೋಕದ ಸುದ್ದಿ ಮಾತಾಡಿದವರು. ಗಂಗಾಂಬಿಕೆ ಇಲಿಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಲ್ಲಿಗೆ ಹೋದಳು. ಮೂರನೆಯ ಇಲಿ ಅದರಲ್ಲಿತ್ತು. ಬಸ್ಸಿನಲ್ಲಿ ತಿಂದದ್ದು ಲೆಕ್ಕಕ್ಕಿಲ್ಲ ಎಂದು ಅವಳೂ ಅಷ್ಟರಲ್ಲಿ ಮನಸ್ಸನ್ನು ಒಪ್ಪಿಸಿಕೊಂಡಿದ್ದಳು.

“ಸೋಮಮ್ಮ, ಒಂದು ಉಪಕಾರ ಮಾಡ್ಬೇಕಲ್ಲ.”

“ಹೇಳಿ ಗಂಗಕ್ಕ.”

“ನಮ್ಮ ಹಾವಿಗೆ ಇದ್ನ ಒಸಿ ಹಾಕ್ಬುಡ್ತೀಯಾ? ನಂಗ ಕೈ ಬರಾಕಿಲ್ಲ. ನೀವಾದ್ರೆ ಕೋಳಿ ಕುರಿ ತಿನ್ನೋರು, ನಿಮಗೆ ಅಭ್ಯಾಸ ಅದ…”

ಸೋಮಮ್ಮ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

“ನಾವು ಕೋಳಿ ಕುಯ್ಯಾದು ಉಣ್ಣಾಕೆ ಗಂಗಕ್ಕ. ಬೇರೆಯೋರ ಪಾಪ ಬಾಡಿಗೆಗೆ ಹೊರಾಕಲ್ಲ. ಇಪ್ಪತ್ತು ವರ್ಸದಿಂದ ನಮ್ಮನೇಲಿ ಒಂದು ಲೋಟ ನೀರು ಕುಡಿದೋರಲ್ಲ ನೀವು. ಅದ್ಕೆ ನಾನೇನಾದ್ರೂ ಅಂದಿದ್ದೀನಾ? ಈಗ ನೀವು ಮಾಡಕ್ಕಾಗ್ದಿರೋ ಕೆಲ್ಸ ಮಾತ್ರ ನಮ್ಮನೇಗೆ ತಂದ್ರಲ್ಲ.”

ಗಂಗಾಂಬಿಕೆಯ ಮುಖ ಸುಟ್ಟಂತಾಯಿತು. ತಾನು ಕೇಳಿದ್ದು ತಪ್ಪು ಎಂದು ಬಾಯಿಂದ ಬಿಟ್ಟಮೇಲೆ ಗೊತ್ತಾಯಿತು. ಡಬ್ಬಿ ಹಿಡಿದುಕೊಂಡು ಮನೆಗೆ ಬಂದು ಇಲಿಯನ್ನು ಪಂಜರಕ್ಕೇ ಬಿಟ್ಟಳು. ಕಾಂಪೌಂಡಿನ ಮೇಲಿನ ಮಾತುಕತೆ ಅಂದಿನಿಂದ ನಿಂತಿತು. ಸಂಜೆಯ ಹೊತ್ತು ಗಂಗಾಂಬಿಕೆ ಸುಮ್ಮಸುಮ್ಮನೆ ಹಿತ್ತಲಿಗೆ ಹೋಗಿ, ಒಣಗದ ಬಟ್ಟೆಯನ್ನೇ ಮುಟ್ಟಿ ನೋಡಿ ಒಳಬರುತ್ತಿದ್ದಳು.

ಹಾಗೆ ಇರಲು ಅವಳಿಂದ ಆಗಲಿಲ್ಲ. ಒಂದು ಬೆಳಿಗ್ಗೆ ಬರಿಗೈಯಲ್ಲಿ ಸೋಮಮ್ಮನ ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟಳು.

“ಕಾಪಿ ಮಾಡು ಸೋಮಮ್ಮ.”

ಸೋಮಮ್ಮ ಅವಳನ್ನೇ ನೋಡಿದಳು. “ಮೀನು ಬೇಯಿಸಿದ ಒಲೆ ಗಂಗಕ್ಕ.”

“ಕಾಪಿಗೆ ಮೀನು ಹಾಕ್ತೀಯಾ?”

ಸೋಮಮ್ಮನಿಗೆ ನಗು ಬಂದುಬಿಟ್ಟಿತು. ಕಾಫಿ ಸೋಸಿ ಕೊಟ್ಟಳು. ಗಂಗಾಂಬಿಕೆ ಮೊದಲ ಗುಟುಕನ್ನು ಬೆದರುತ್ತಲೇ ಕುಡಿದಳು, ಎರಡನೆಯದಕ್ಕೆ ಸಕ್ಕರೆ ಸಾಲದು ಎಂದಳು. “ತಪ್ಪಾಯ್ತು ಕಣೆ,” ಎಂದು ಲೋಟದೊಳಗೆ ನೋಡಿಕೊಂಡೇ ಹೇಳಿದಳು.

“ಬುಡಿ ಅತ್ಲಾಗೆ. ಈಗ ಹಾವಿಗೇನು ಮಾಡ್ತೀರಿ?”

“ನಾನೇ ಹಾಕ್ತೀನಿ. ಇನ್ಯಾರು ಹಾಕ್ತಾರ?”

“ಬೇಕಾದ್ರೆ ನಿಮ್ಮ ಜತೆ ಬಂದು ನಿಂತ್ಕತೀನಿ. ಹಾಕಾಕಿಲ್ಲ, ನಿಂತ್ಕತೀನಿ.”

“ಅಷ್ಟು ಸಾಕು,” ಎಂದಳು ಗಂಗಾಂಬಿಕೆ.

ಚಿಕ್ಕಮಲ್ಲಪ್ಪ ಮತ್ತೆ ಗುಂಡ್ಲುಪೇಟೆಗೆ ಹೋದ. ಹೊರಡುವ ಮುಂಚೆ ಪಂಜರದ ಮೂರನ್ನೂ ತನ್ನ ಕೋಣೆಗೆ ಒಯ್ದು ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಅಷ್ಟರಲ್ಲಿ ಅವಕ್ಕೆ ಹೆಸರೂ ಇಟ್ಟಿದ್ದ, ಹೆಸರೇನೆಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಶಶಿಕುಮಾರ, “ಸ್ವಾಮಿ, ನಿಮ್ಮ ಹಾವು ಒಳ್ಳೇ ಊಟಗಾರ ಕಣ್ರೀ,” ಎಂದು ಹೊಗಳಿದಾಗ ಚಿಕ್ಕಮಲ್ಲಪ್ಪ ಹೌದೆಂದು ತಲೆಯಾಡಿಸಿ ಬಂದ. ಬಸ್ಸಿನಲ್ಲಿ ಈ ಸಲ ಕಡ್ಲೆಪುರಿ ಕೊಳ್ಳಲಿಲ್ಲ.

ಅದು ಭಾನುವಾರ. ಗಂಗಾಂಬಿಕೆ ಮಿಂದು, ಪೂಜೆ ಮುಗಿಸಿ, ತಟ್ಟೆ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟಳು, ಬಾಗಿಲಲ್ಲಿ ನಿಂತಿದ್ದ ಸೋಮಮ್ಮನಿಗೂ ಕೊಟ್ಟಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಕೊಬ್ಬರಿಯ ಒಂದು ಚೂರನ್ನು ಇಲಿಯ ಮುಂದೆ ಹಿಡಿದಳು.

“ಅತ್ತೆ!” ಕಾವ್ಯಶ್ರೀ ಓಡಿ ಬಂದು ಕೈ ಹಿಡಿದಳು. “ಮತ್ತೆ ಮರೆತ್ರಾ? ಇದನ್ನೂ ನಮ್ಮನೇದು ಮಾಡ್ತಿದ್ದೀರಲ್ಲ!”

“ಮರೀಲಿಲ್ಲ ಕಣವ್ವ, ಬುಡು ಕೈಯ.”

“ಇವತ್ತೂ ಹಾಕಲ್ವಾ ಹಾಗಾದ್ರೆ?” ರಾಜಶೇಖರ ಮಂಚದಿಂದಲೇ ಕೂಗಿದ.

“ಹಾಕ್ತೀನಿ.” ಗಂಗಾಂಬಿಕೆ ಇಲಿ ತಿನ್ನುವುದನ್ನೇ ನೋಡುತ್ತಿದ್ದಳು. “ಉಣ್ಣಿಸ್ದೆ ಹಾಕಿದ್ರೆ ಇದು ನಮ್ಮನೇದಲ್ಲ, ನಂಗೂ ಇದಕ್ಕೂ ಸಂಬಂಧ ಇಲ್ಲ ಅನ್ಕಂಡು ಆರಾಮಾಗಿರ್ಬೌದು. ಅದ್ಕೇ ನಾನು ಇಷ್ಟು ದಿನ ಲೆಕ್ಕ ಹಾಕಿದ್ದು. ಸುಳ್ಳು ಲೆಕ್ಕ ಅದು. ಇದೂ ನಮ್ಮನೇದೇ, ಅದೂ ನಮ್ಮನೇದೇ. ಹಸ್ಕಂಡು ಯಾವುದೂ ಹೋಗಾದು ಬ್ಯಾಡ.”

ಇಲಿ ಕೊಬ್ಬರಿ ಮುಗಿಸಿ ಮೀಸೆ ಒರೆಸಿಕೊಳ್ಳುವವರೆಗೂ ಕಾದಳು. ಆಮೇಲೆ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. ಹಿಂದೆ ಸೋಮಮ್ಮ ಹತ್ತಿದಳು. ಕೆಳಗೆ ಮೂವರೂ ಕಿವಿಗೊಟ್ಟು ಕೂತರು. ಗಾಜಿನ ಮುಚ್ಚಳ ಸರಿದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಚಿಕ್ಕಮಲ್ಲಪ್ಪ ಎದ್ದು ಹೋಗಿ ತನ್ನ ಕೋಣೆಯ ಬೀಗವನ್ನು ಎಳೆದು ನೋಡಿ ಬಂದ. ಬಹಳ ಹೊತ್ತಿನ ಮೇಲೆ ಇಬ್ಬರೂ ಇಳಿದು ಬಂದರು. ಗಂಗಾಂಬಿಕೆಯ ಕಣ್ಣುಗಳು ಕೆಂಪಾಗಿದ್ದವು.

“ತಿಂತಾ?” ರಾಜಶೇಖರ ಕೇಳಿದ.

“ತಿಂತು ಕಣಪ್ಪ. ಕಣ್ಣು ಮಿಟುಕಿಸೋದ್ರೊಳಗೆ ಹಿಡೀತು,” ಎಂದಳು ಸೋಮಮ್ಮ. “ನಿಮ್ಮವ್ವ ಮುಖ ತಿರುಗಿಸ್ಲೇ ಇಲ್ಲ. ನಾನೇ ತಿರುಗಿಸ್ಬುಟ್ಟೆ.”

ರಾಜಶೇಖರ ಹುಚ್ಚನಂತೆ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. ಬಂಗಾರಿ ಉಳಿಯಿತು ಎಂದು ಡಾಕ್ಟರಿಗೆ ಫೋನು ಮಾಡಿದ, ಪುಟ್ಟಬಸಪ್ಪನಿಗೂ ಮಾಡಿದ. ಪುಟ್ಟಬಸಪ್ಪ ಬೇಸರದಿಂದ “ಸಂತೋಷ ಸಾರ್” ಎಂದ.

ಗಂಗಾಂಬಿಕೆ ಮತ್ತೆ ಮಿಂದು ಬಂದು ತಟ್ಟೆ ಹಾಕಿಸಿದಳು. ಸೋಮಮ್ಮನನ್ನೂ ಕೂರಿಸಿದಳು. ಅವರೆಕಾಳಿನ ಸಾರು, ಬಿಸಿ ಮುದ್ದೆ. ರಾಜಶೇಖರ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹಸಿವಿಲ್ಲ ಎಂದ.

“ಈಗ ತಾನೇ ಅಷ್ಟು ನಗ್ತಿದ್ದೆ. ಹಸಿವಿಗೇನಾಯ್ತು?” ಎಂದಳು ಗಂಗಾಂಬಿಕೆ.

ಅವನು ಪ್ಲಾಸ್ಟರಿನ ಅಂಚು ಕೆರೆಯತೊಡಗಿದ. ಕಾವ್ಯಶ್ರೀ ಬಿಡಲಿಲ್ಲ, ಎರಡು ಸಲ ಕೇಳಿದಳು. ಕೊನೆಗೆ ಬಾಯಿಬಿಟ್ಟ. “ಅದಕ್ಕೆ ಹಾಕಿದ ದಿನ ನಾನು ಉಣ್ಣಲ್ಲ ಕಣವ್ವ. ಸಾಕಿದಾಗಿಂದ್ಲೂ ಅಷ್ಟೇ. ಮಂಡೀಲಿ ಕೆಲ್ಸ ಅದ ಅಂತ ಸುಳ್ಳು ಹೇಳಿ ಅಲ್ಲೇ ಇರ್ತಿದ್ದೆ.”

ಇಷ್ಟು ಕಾಲ ಮಗ ಒಬ್ಬನೇ ಆ ಮಹಡಿಯ ಕೋಣೆಯಲ್ಲಿ ಹೊಟ್ಟೆಗಿಲ್ಲದೆ ಕೂತಿದ್ದ, ತಾನು ಊರಿಗೆಲ್ಲ ಬಡಿಸುತ್ತಿದ್ದೆ ಎಂದು ಗಂಗಾಂಬಿಕೆಗೆ ಆಗ ಹೊಳೆಯಿತು. ಅವಳು ಎದ್ದು ತಟ್ಟೆ ತೆಗೆದುಕೊಂಡು ಮಂಚದ ಬಳಿ ಹೋಗಿ ಮಗನ ತೊಡೆಯ ಮೇಲಿಟ್ಟಳು.

“ನಿನ್ನ ಉಪಾಸದಿಂದ ಯಾವ ಇಲಿ ಎದ್ದು ಬಂತ್ಲಾ?”

“ಇಲ್ಲ.”

“ಇನ್ಮೇಲೆ ನೀನು ಹಾಕಾದು ಬ್ಯಾಡ, ನಾನೇ ಹಾಕ್ತೀನಿ. ನೀನು ಹಾಕಿದ್ರೆ ಒಂದು ಇಲಿ ಹೋಯ್ತದ, ನೀನೂ ಒಂದು ಹೊತ್ತು ಹಸ್ದಿರ್ತೀಯ. ನಾನಾದ್ರೆ ಅಳ್ತೀನಿ, ಆಮ್ಯಾಲೆ ಉಣ್ತೀನಿ.” ಅವಳು ಅವನ ಮಂಚದ ತುದಿಯಲ್ಲೇ ಕೂತು ತನ್ನ ತಟ್ಟೆಗೂ ಕೈ ಚಾಚಿದಳು. “ಸಾರು ಹಾಕವ್ವ ಕಾವ್ಯ. ಇಬ್ರಿಗೂ ಹಾಕು.”